ದಿನಾ ತೊಂಬತ್ತೇಳು

ನನಗೆ ಸ್ವಂತದ್ದು ಅಂತ ಒಂದು ಸ್ವರ ಉಂಟಾ ಇಲ್ಲವಾ ಎನ್ನುವುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗದ ವಿಷಯ. ಬೆಳಿಗ್ಗೆ ಹಾಲಿನವನ ಹಾಗೆ ಕೆಮ್ಮಿ ಏಳುತ್ತೇನೆ, ತಿಂಡಿಗೆ ಮಾವನ ಹಾಗೆ ಗುರುಗುಟ್ಟುತ್ತೇನೆ, ಬೈಸಿಕೊಳ್ಳುವಾಗ ಮಾತ್ರ ನನ್ನದೇ ಸ್ವರ ಬರುತ್ತದೆ ಎಂದು ಅಮ್ಮನ ದೂರು. ಒಮ್ಮೆ ಬಿಕರ್ನಕಟ್ಟೆಯ ಬಸ್ ಸ್ಟಾಪಿನಲ್ಲಿ ಕಂಡಕ್ಟರನ ಧಾಟಿಯಲ್ಲಿ "ಪಂಪ್‌ವೆಲ್, ಪಂಪ್‌ವೆಲ್, ಬೇಗ ಬೇಗ" ಎಂದು ಕೂಗಿದ್ದಕ್ಕೆ ಎರಡು ಚೀಲ ಹಿಡಿದ ಒಬ್ಬ ಬಾಯಮ್ಮ ಓಡಿ ಬಂದು, ಬಸ್ಸು ಕಾಣದೆ, ಒಂದು ಚೀಲದಿಂದ ನನಗೇ ಬೀಸಿದರು. ಅದರಲ್ಲಿ ಬಸಳೆ ಇತ್ತು. ಹಾಗಾಗಿ ಬಚಾವಾದೆ. ಇನ್ನೊಂದು ಚೀಲದಲ್ಲಿ ತೆಂಗಿನಕಾಯಿ ಇದ್ದದ್ದನ್ನು ಆಮೇಲೆ ನೋಡಿದೆ.

ಈ ಚಟ ನನ್ನನ್ನು ಅತಿ ದೊಡ್ಡ ಪೇಚಿಗೆ ಸಿಕ್ಕಿಸಿದ್ದು ಎರಡನೇ ಅಲೆಯ ಆ ಮೇ ತಿಂಗಳಲ್ಲಿ. ಒಳಗೆ ಕೊರೋನಾ, ಹೊರಗೆ ಲಾಕ್‌ಡೌನ್, ಅದು ಸಾಲದು ಎಂಬಂತೆ ಸಮುದ್ರದಲ್ಲಿ ಚಂಡಮಾರುತ. ಕಂಕನಾಡಿಯಲ್ಲಿ ನಾನು ಕೆಲಸಕ್ಕಿದ್ದ ಮೊಬೈಲ್ ಅಂಗಡಿ ಬಾಗಿಲು ಹಾಕಿತ್ತು. ಮನೆಯಲ್ಲಿ ನಾನು, ಅಮ್ಮ, ಅಂಗಡಿಯಿಂದ ತಂದಿಟ್ಟ ಒಂದು ಹೊಸ ಸಿಮ್ಮು. ವಾಟ್ಸಾಪಿನಲ್ಲಿ ಎರಡು ಬಗೆಯ ಸೂಚನೆಗಳು ಒಟ್ಟೊಟ್ಟಿಗೆ ಬರುತ್ತಿದ್ದವು. ಒಂದು, ಕಿಟಕಿ ಬಾಗಿಲು ತೆರೆದಿಡಿ, ಗಾಳಿ ಆಡಲಿ. ಇನ್ನೊಂದು, ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಗಾಳಿ ಬರುತ್ತದೆ. ಅಮ್ಮ ಎರಡನ್ನೂ ಪಾಲಿಸಿದರು: ಪಡುವಣ ಕಿಟಕಿ ಚಂಡಮಾರುತಕ್ಕೆ ಮುಚ್ಚಿ, ಮೂಡಣ ಕಿಟಕಿ ಕೊರೋನಾಕ್ಕೆ ತೆರೆದರು. ಮನೆಯ ಪಾತ್ರೆಗಳಿಗೆಲ್ಲ ನೀರು ತುಂಬಿಸಿಟ್ಟರು, ಕೊನೆಗೆ ಅನ್ನ ಬಡಿಸಿಕೊಳ್ಳಲು ಸೌಟು ಮಾತ್ರ ಖಾಲಿ ಉಳಿಯಿತು. ಮಳೆಗೆ ಒಣಗದ ಬಟ್ಟೆಯ ಮಾಸ್ಕುಗಳನ್ನು ಬಚ್ಚಲ ಒಲೆಯ ಮೇಲೆ ತೂಗು ಹಾಕಿದರು. ಆ ವಾರವಿಡೀ ನಾವಿಬ್ಬರೂ ಹೊಗೆ ಹಾಕಿದ ಮೀನಿನ ಹಾಗೆ ವಾಸನೆ ಬೀರುತ್ತಿದ್ದೆವು.

ಗೋಡೆಯ ಆಚೆ ಹಮೀದಾಕನ ಮನೆ. ಪಂಪ್‌ವೆಲ್ಲಿನಲ್ಲಿ ಚಪ್ಪಲಿ ಅಂಗಡಿ ಇಟ್ಟವರು, ಐವತ್ತರ ಹತ್ತಿರದವರು. ಮನೆಯಲ್ಲಿ ಅವರು ಮತ್ತು ಅವರ ಉಮ್ಮ, ಬೀಫಾತುಮ್ಮ. ಹೆಂಡತಿ ಮಕ್ಕಳು ಲಾಕ್‌ಡೌನಿನಿಂದಾಗಿ ತವರಿನಲ್ಲೇ ಬಾಕಿ. ತಾಯಿ ಮಗ ಇಬ್ಬರಿಗೂ ಪಾಸಿಟಿವ್ ಬಂದು ಬಾಗಿಲಿಗೆ ಸ್ಟಿಕ್ಕರ್ ಬಿದ್ದಿತ್ತು. ನಮ್ಮೆರಡು ಮನೆಗಳ ನಡುವಿನ ಸಾರಿಗೆ ಎಂದರೆ ಮಾವಿನಕಾಯಿ ಕೊಯ್ಯುವ ದೋಟಿ. ಅದರ ತುದಿಯ ಬಲೆಯಲ್ಲಿ ನಮ್ಮ ಕಡೆಯಿಂದ ಗಂಜಿಗೆ ಉಪ್ಪಿನಕಾಯಿ, ಮಾತ್ರೆ, ಮಾವಿನಹಣ್ಣು ಹೋಗುತ್ತಿತ್ತು. ಆಕ್ಸಿಮೀಟರೂ ಹಾಗೆಯೇ ಹೋಗುತ್ತಿತ್ತು. ಎರಡು ಮನೆಗೆ ಇದ್ದದ್ದು ಒಂದೇ. ಬೆಳಿಗ್ಗೆ ಎಂಟಕ್ಕೆ ದೋಟಿ ಚಾಚುತ್ತಿದ್ದೆ. ಹಮೀದಾಕ ಒಳಗೆ ಹೋಗಿ, ಇಬ್ಬರ ಬೆರಳಿಗೂ ಸಿಕ್ಕಿಸಿ, ಹೊರಗೆ ಬಂದು "ತೊಂಬತ್ತೇಳು!" ಎಂದು ಕೂಗಿ ಬಲೆಗೆ ಹಾಕುತ್ತಿದ್ದರು. ಅಮ್ಮ ಅದಕ್ಕೆ ಸ್ಯಾನಿಟೈಸರಿನ ಅಭಿಷೇಕ ಮಾಡುತ್ತಿದ್ದರು. "ಉಮ್ಮನಿಗೆ?" ಎಂದರೂ ತೊಂಬತ್ತೇಳು. ಐದು ದಿನ, ಇಬ್ಬರಿಗೂ, ತೊಂಬತ್ತೇಳು. ಚಪ್ಪಲಿ ಕೂಡ ತಾಯಿ ಮಗನಿಗೆ ಒಂದೇ ಸೈಜ್ ಆಗುವುದಿಲ್ಲ.

ಚಂಡಮಾರುತ ಸಂಜೆಗೆ ಎಂದ ದಿನ ಬೆಳಿಗ್ಗೆಯೂ ಅದೇ ಕೂಗು. ಆಕ್ಸಿಮೀಟರ್ ವಾಪಸು ಬಂದದ್ದೇ ಅಮ್ಮ ಅದರ ಹೊಟ್ಟೆ ತೆರೆದು ಬ್ಯಾಟರಿ ತೆಗೆದು ಟಾರ್ಚಿಗೆ ಹಾಕಿದರು. "ಇವತ್ತಿನ ನಂಬರ್ ಸಿಕ್ಕಿತಲ್ಲ. ಇನ್ನು ಕರೆಂಟು ಹೋಗ್ತದೆ, ಟಾರ್ಚ್ ಬೇಕು." ಅಮ್ಮನ ತರ್ಕದಲ್ಲಿ ತಪ್ಪು ಹುಡುಕುವವ ಇನ್ನೂ ಹುಟ್ಟಬೇಕಷ್ಟೆ.

ನನಗೆ ಹೊತ್ತು ಹೋಗುತ್ತಿರಲಿಲ್ಲ. ಹೊಸ ಸಿಮ್ಮು ಕಣ್ಣೆದುರೇ ಇತ್ತು. ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಸುಜಾತಕ್ಕ ದಿನಾ ಒಂದೊಂದು ನಂಬರಿನಿಂದ ಎಲ್ಲರಿಗೂ ಫೋನ್ ಮಾಡಿ ಒಂದೇ ಉಸಿರಿಗೆ "ಜ್ವರ ಉಂಟಾ ಕೆಮ್ಮು ಉಂಟಾ ರುಚಿ ಉಂಟಾ ವಾಸನೆ ಉಂಟಾ ಇಲ್ಲಲ್ಲ ಇಡ್ತೇನೆ" ಎನ್ನುತ್ತಿದ್ದರು. ಆ ಸ್ವರ ನನಗೆ ಬಾಯಿಪಾಠ. ಮೂಗಿನಿಂದ ಹೊರಟು ಕೊನೆಯಲ್ಲಿ ಒಮ್ಮೆ ಮೇಲಕ್ಕೆ ಹಾರಿದರೆ ಸುಜಾತಕ್ಕ. ಹಮೀದಾಕನನ್ನು ಸ್ವಲ್ಪ ಗೋಳು ಹೊಯ್ದುಕೊಳ್ಳೋಣ ಎಂದು ಹತ್ತು ಗಂಟೆಗೆ ಫೋನ್ ಹಚ್ಚಿದೆ. ಜ್ವರ, ಕೆಮ್ಮು, ರುಚಿ, ವಾಸನೆ ಎಲ್ಲ ಮುಗಿಯಿತು.

"ಆಕ್ಸಿಜನ್ ಎಷ್ಟುಂಟು ಹಮೀದಾಕ?"

"ತೊಂಬತ್ತೇಳು ಅಕ್ಕ."

"ದಿನಾ ತೊಂಬತ್ತೇಳು! ಕೇಳಿ ಕೇಳಿ ಸಾಕಾಯ್ತು ಮಾರಾಯ್ರೆ. ಬೇರೆ ನಂಬರ್ ಇಲ್ವಾ ನಿಮ್ಮತ್ರ?"

ಅವರು ನಗುತ್ತಾರೆ, ಆಗ ನನ್ನ ಸ್ವರದಲ್ಲಿ "ಮಂಗ ಆದ್ರಲ್ಲ ಹಮೀದಾಕ" ಎನ್ನಬೇಕು ಎಂದು ಕಾದೆ. ಆ ಕಡೆಯಿಂದ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಒಂದರಿಂದ ಹತ್ತರವರೆಗೆ ಎಣಿಸುವಷ್ಟು ಹೊತ್ತು.

"ಉಂಟು," ಎಂದರು ಮೆಲ್ಲಗೆ. "ತೊಂಬತ್ತು. ಉಮ್ಮನದ್ದು. ನಿನ್ನೆ ತೊಂಬತ್ತಮೂರಿತ್ತು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದ್ದಾರೆ. ಆಸ್ಪತ್ರೆಗೆ ಹೋದರೆ ವಾಪಸು ಬರುವುದಿಲ್ಲ ಅಂತ ಅವರಿಗೆ ಹೆದರಿಕೆ. ನಾನು ಎಂತ ಮಾಡಲಿ ಅಕ್ಕ?"

ಆಗ ನಾನು ಯಾರು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ನಾನು ನಾನೇ ಎಂದರೆ ಆ ಮನುಷ್ಯ ಇನ್ನು ಯಾರಿಗೂ ನಿಜ ಹೇಳುವುದಿಲ್ಲ. ಫೋನ್ ಇಟ್ಟುಬಿಟ್ಟರೆ ಸಂಜೆ ಗಾಳಿ ಬಂದು, ಎಲ್ಲಿಯಾದರೂ ಮರ ಬಿದ್ದು, ಪಂಪ್‌ವೆಲ್ಲಿನಲ್ಲಿ ನೀರು ನಿಂತರೆ ಹತ್ತು ನಿಮಿಷದ ಕಂಕನಾಡಿ ಆಸ್ಪತ್ರೆಯೂ ಕಾಶಿಯಷ್ಟು ದೂರ. ಬೇರೆ ದಾರಿ ಕಾಣದೆ ಸುಜಾತಕ್ಕನಾಗಿಯೇ ಮುಂದುವರಿದೆ. "ಉಮ್ಮನಿಗೆ ಫೋನ್ ಕೊಡಿ."

ಬೀಫಾತುಮ್ಮ ಎರಡು ಶಬ್ದಕ್ಕೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದರು. "ಗಾಳಿ ಬರ್ತದಂತಲ್ಲ... ಮಗಳೇ. ಅದು ಹೋಗಲಿ... ಮತ್ತೆ ನೋಡುವ."

"ಗಾಳಿ ಬರುವ ಮೊದಲೇ ಹೋಗಬೇಕು ಉಮ್ಮ. ಗಾಳಿ ಬಂದ ಮೇಲೆ ನಿಮ್ಮ ಮಗ ನಿಮ್ಮನ್ನು ಹೊತ್ತುಕೊಂಡು ಹೋಗಬೇಕಾಗ್ತದೆ. ಅವರ ಸೊಂಟ ನೋಡಿದ್ದೀರಲ್ಲ?"

ಉಮ್ಮ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. "ಆಯ್ತು. ಗಾಡಿ ಕಳಿಸು," ಎಂದರು.

ಗಾಡಿ ಕಳಿಸುವ ಸುಜಾತಕ್ಕ ನಾನಲ್ಲವಲ್ಲ. ಅಸಲಿ ಸುಜಾತಕ್ಕನಿಗೆ ಫೋನ್ ಮಾಡಿ, ಅಮ್ಮ ಹೇಳುವ ಆ ಬೈಸಿಕೊಳ್ಳುವ ಸ್ವರದಲ್ಲಿ, ಒಂದೂ ಬಿಡದೆ ಹೇಳಿದೆ. ಅವರು ಮೊದಲು ತುಳುವಿನಲ್ಲಿ ಬೈದರು. ಆಮೇಲೆ ಕನ್ನಡದಲ್ಲಿ. ಆಮೇಲೆ "ನಾನು ಹಾಗೆ ಮೂಗಿನಿಂದ ಮಾತಾಡ್ತೇನಾ?" ಎಂದು ಕೇಳಿದರು. ಇಲ್ಲ ಎಂದೆ. "ಸುಳ್ಳು ಹೇಳಬೇಡ. ನಿನ್ನ ಲೆಕ್ಕಾಚಾರ ಆಮೇಲೆ," ಎಂದು ಫೋನ್ ಇಟ್ಟರು. ಬೆಡ್ಡು ಹುಡುಕಲು ಅವರು ಎಷ್ಟು ಜನರ ಕಾಲು ಹಿಡಿದರೋ ನನಗೆ ಗೊತ್ತಿಲ್ಲ. ಎರಡು ಗಂಟೆಗೆ ಆಂಬುಲೆನ್ಸ್ ನಮ್ಮ ಓಣಿಯಲ್ಲಿತ್ತು. ಉಮ್ಮ ಹತ್ತುವಾಗ ಸುತ್ತ ನೋಡಿ "ಆ ಹುಡುಗಿ ಬರಲಿಲ್ವಾ?" ಎಂದು ಕೇಳಿದ್ದು ಗೋಡೆಯ ಈಚೆಗೂ ಕೇಳಿಸಿತು. ನಾನು ದೋಟಿ ಹಿಡಿದು ಬೆಪ್ಪನ ಹಾಗೆ ನಿಂತಿದ್ದೆ.

ಐದು ಗಂಟೆಗೆ ಗಾಳಿ ಬಂತು. ಅಮ್ಮ ಮುಚ್ಚಿದ ಕಿಟಕಿ ತೆರೆದುಕೊಂಡಿತು, ತೆರೆದದ್ದು ಮುಚ್ಚಿಕೊಂಡಿತು. ನಮ್ಮ ಮಾವಿನಮರ ಓಣಿಗೆ ಅಡ್ಡ ಮಲಗಿತು, ಆಂಬುಲೆನ್ಸ್ ನಿಂತಿದ್ದ ಜಾಗದಿಂದ ನಾಲ್ಕು ಹೆಜ್ಜೆ ಆಚೆಗೆ. ಅದನ್ನು ಕಡಿದು ದಾರಿ ಮಾಡಲು ಮರುದಿನ ಮಧ್ಯಾಹ್ನವಾಯಿತು.

ಹನ್ನೆರಡನೇ ದಿನ ಉಮ್ಮ ಮನೆಗೆ ಬಂದರು. ಗೋಡೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಅಮ್ಮನೊಡನೆ ಆ ಆಶಾ ಹುಡುಗಿಯ ಗುಣಗಾನ ಮಾಡಿದರು. "ಎಂಥ ಮಾತು ಅವಳದ್ದು! ಸ್ವರ ಸ್ವಲ್ಪ ಗೊಗ್ಗರು, ಪಾಪ, ಬಿಸಿಲಲ್ಲಿ ತಿರುಗಿ ತಿರುಗಿ. ನಿಮ್ಮ ಮಗನೂ ಇದ್ದಾನೆ, ಕಪಿ ಚೇಷ್ಟೆ ಬಿಟ್ಟು ಬೇರೆಂತ ಬರ್ತದೆ?" ಅಮ್ಮ ಹೌದು ಹೌದು ಎಂದರು. ಹಮೀದಾಕ ಖರ್ಜೂರದ ಒಂದು ಪೊಟ್ಟಣ ದೋಟಿಗೆ ಹಾಕಿ, ಅವಳಿಗೆ ತಲುಪಿಸು ಎಂದರು. ತಲುಪಿಸಿದೆ. ದಾರಿಯಲ್ಲಿ ತಿಂದದ್ದು ಎರಡೇ.

ಮೂರು ದಿನದ ಮೇಲೆ ನನಗೆ ಮೈ ಬಿಸಿಯಾಯಿತು. ಗಂಟಲಲ್ಲಿ ಮುಳ್ಳು. ಸುಮ್ಮನೆ ಗಾಬರಿ ಮಾಡುವುದು ಯಾಕೆ ಎಂದು ಅಮ್ಮನಿಗೆ ಹೇಳಲಿಲ್ಲ. ಬೆಳಿಗ್ಗೆ ಸುಜಾತಕ್ಕನ ಫೋನ್ ಬಂತು. ಜ್ವರ ಉಂಟಾ? ಇಲ್ಲ. ಕೆಮ್ಮು ಉಂಟಾ? ಇಲ್ಲ ಎನ್ನುವಾಗಲೇ ಕೆಮ್ಮು ಬಂತು.

"ಅದೆಂತದು?"

"ಹಮೀದಾಕನ ಕೆಮ್ಮು ಅಕ್ಕ. ಮಿಮಿಕ್ರಿ."

"ಓ. ಆಕ್ಸಿಜನ್ ಎಷ್ಟುಂಟು?"

"ತೊಂಬತ್ತೇಳು," ಎಂದೆ.

ಸುಜಾತಕ್ಕ ಮೂಗಿನಿಂದ ಶುರು ಮಾಡಿ, ಕೊನೆಯಲ್ಲಿ ನಾನು ಅವರ ಹೆಸರಲ್ಲಿ ಹಾರಿಸಿದಷ್ಟೇ ಎತ್ತರಕ್ಕೆ ಹಾರಿಸಿ ಕೇಳಿದರು: "ಬೇರೆ ನಂಬರ್ ಇಲ್ವಾ ನಿನ್ನತ್ರ?"

ಒಂದರಿಂದ ಹತ್ತರವರೆಗೆ ಎಣಿಸುವಷ್ಟು ಹೊತ್ತು ನಮ್ಮ ಮನೆಯ ಫ್ಯಾನ್ ಮಾತ್ರ ಸದ್ದು ಮಾಡಿತು. ಆಮೇಲೆ ನಾನು ಒಳಗೆ ನೋಡಿ, ಟಾರ್ಚಿನಿಂದ ಆಕ್ಸಿಮೀಟರಿನ ಬ್ಯಾಟರಿ ತೆಗೆದುಕೊಡಲು ಅಮ್ಮನನ್ನು ಕರೆದೆ. ನನ್ನದೇ ಸ್ವರದಲ್ಲಿ.