ಎರಡು ಬೆರಳು ಹೋಗುವಷ್ಟು ಗಾಳಿ

"ನೋಡೇ, ಸೈಕಲ್ ತುಳಿಯೋನಿಗೆ ದೊಡ್ಡ ಶತ್ರು ಏರು ದಾರಿ ಅಂತ ಎಲ್ರೂ ತಿಳ್ಕೊಂಡಿದಾರೆ. ಅಲ್ಲ. ಏರು ಪಾಪ ಮರ್ಯಾದಸ್ಥ, ಎದುರಿಗೇ ಕಾಣತ್ತೆ. ಆಗದಿದ್ರೆ ಇಳಿದು ತಳ್ಕೊಂಡು ಹೋಗಬಹುದು. ಗಾಳಿ ಹಾಗಲ್ಲ. ಕಾಣೋದೂ ಇಲ್ಲ, ಇಳಿದು ತಳ್ಳಿದ್ರೂ ಬಿಡೋದಿಲ್ಲ. ನಾನು ನೆಟ್ಟಗೆ ಕೂತು ತುಳೀತೀನಲ್ಲ, ಆಗ ನನ್ನ ಎದೆ ಏನಾಗಿರತ್ತೆ ಗೊತ್ತಾ? ಮುಚ್ಚಿದ ಬಾಗಿಲು. ಒಂದು ಬಾಗಿಲನ್ನ ಅಡ್ಡ ಹಿಡ್ಕೊಂಡು ದಿನಾ ಬೆಳಿಗ್ಗೆ ಸೇತುವೆ ದಾಟ್ತಾ ಇದೀನಿ ನಾನು. ಅದೇ ಮೀನನ್ನ ನೋಡು. ಮುಂದೆ ಚೂಪು, ಹಿಂದೆ ಸಪೂರ. ನೀರೇ ಪಕ್ಕಕ್ಕೆ ಸರಿದು ದಾರಿ ಕೊಡತ್ತೆ. ಸೈಕಲ್ಲಿಗೂ ಹಾಗೆ ಮುಂದೆ ಒಂದು ಮೂತಿ ಕಟ್ಟಿದ್ರೆ ಗಾಳಿ ಸೀಳ್ಕೊಂಡು ಹೋಗತ್ತೆ. ಚಳಿನೂ ತಾಗೋದಿಲ್ಲ, ಹೊತ್ತೂ ಉಳಿಯತ್ತೆ. ಇದಕ್ಕೆ ಏರೋಡೈನಮಿಕ್ಸ್ ಅಂತಾರೆ. ಪುಸ್ತಕದಲ್ಲಿದೆ."

ನಮ್ಮ ಯಜಮಾನರು ಇದನ್ನೆಲ್ಲ ಹೇಳುವಾಗ ನಾನು ಅವರ ಸ್ವೆಟರಿನ ಮೊಣಕೈಗೆ ತೇಪೆ ಹಾಕುತ್ತಿದ್ದೆ. ಒಂದಕ್ಷರ ಬಿಡದೆ ಕೇಳಿಸಿಕೊಂಡೆ. ನಾನು ಓದಿದ್ದು ಮೂರನೆಯ ಕ್ಲಾಸು. ಕೇಳಿದ್ದು ಮಾತ್ರ ನಲವತ್ತೆರಡು ವರ್ಷ. (ಅವರು ಮಾತಾಡುವವರು, ನಾನು ಕೇಳುವವಳು. ಮದುವೆಯಾದ ವಾರದಲ್ಲೇ ಈ ಖಾತೆ ಹಂಚಿಕೆ ಮುಗಿದಿತ್ತು.) ಯಾರು ಏನು ಹೇಳಿದರೂ ಹೇಳಿದ ಹಾಗೇ ಹಿಡಿದಿಟ್ಟುಕೊಳ್ಳುತ್ತೇನೆಂಬ ಜಂಬ ನನಗಿತ್ತು. ಇತ್ತು ಎಂದು ತಿಳಿದೇ ಬರೆಯುತ್ತಿದ್ದೇನೆ.

"ಡೈನಮೋ ಹೋದ ವರ್ಷವೇ ಹಾಕಿಸಿದ್ರಲ್ಲ?" ಎಂದೆ.

"ಡೈನಮೋ ಅಲ್ವೇ. ಏರೋಡೈನಮಿಕ್ಸು."

"ಅದೇ ಕೇಳಿದ್ದು. ಏರೋವಾಗ ಒಂದು ಡೈನಮೋ, ಇಳಿಯೋವಾಗ ಇನ್ನೊಂದಾ?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಸಿಟ್ಟು ಬಂದದ್ದು ನನ್ನ ಮೇಲೆ, ಉಜ್ಜಿಸಿಕೊಂಡದ್ದು ಕನ್ನಡಕ.

ಸಿಟ್ಟಿಗೆ ಕಾರಣವಿತ್ತು. ಅವರು ಊರಿನ ವಾಚನಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ನಿವೃತ್ತಿಯಾದ ಮೇಲೂ ಬಾಗಿಲು ತೆಗೆಯುವ ಅಧಿಕಾರವನ್ನು ಉಳಿಸಿಕೊಂಡವರು. ಬೀಗದ ಕೈ ಅವರ ಬಳಿಯೇ. ರಾತ್ರಿ ಅದು ದಿಂಬಿನಡಿ, ಹಗಲು ಅಂಗಿಯ ಒಳಜೇಬು. ಏಳು ಗಂಟೆಗೆ ಸರಿಯಾಗಿ ಬಾಗಿಲು ತೆರೆಯಬೇಕು, ಪೇಪರು ಓದುವವರು ಮೆಟ್ಟಿಲ ಮೇಲೆ ಕಾಯುತ್ತಿರುತ್ತಾರೆ. ಈ ಚಳಿಗಾಲದಲ್ಲಿ ಸೇತುವೆಯ ಗಾಳಿ ಜೋರಾಗಿ, ಎರಡು ಸಲ ಹತ್ತು ಹತ್ತು ನಿಮಿಷ ತಡವಾಗಿತ್ತು. ವಾಚನಾಲಯದ ದೊಡ್ಡ ಮೇಡಂ ಮೆತ್ತಗೆ ಹೇಳಿದ್ದರಂತೆ: "ನಿಮಗೂ ಕಷ್ಟ. ಕೀ ಹೊಸ ಗುಮಾಸ್ತೆ ಹತ್ರ ಇರ್ಲಿ, ಅವರ ಮನೆ ಇಲ್ಲೇ ವಾಚನಾಲಯದ ಹಿಂದಿದೆ. ನೀವು ಹತ್ತಕ್ಕೆ ಬನ್ನಿ."

"ಒಂದು ವಾರ ನೋಡಿ ಮೇಡಂ," ಎಂದು ಇವರು ಗಡುವು ಕೇಳಿ ಬಂದಿದ್ದರು. ಅದಕ್ಕೆಂದೇ ಮನೆಯಲ್ಲಿ ಈ ಮತ್ಸ್ಯಾವತಾರ ಶುರುವಾದದ್ದು.

ಹೊಲಿಗೆ ನನ್ನದು. ಹಳೆಯ ರೈನ್‌ಕೋಟು ಕತ್ತರಿಸಿ, ಕೊಡೆಯ ಕಡ್ಡಿಗಳನ್ನು ಬಗ್ಗಿಸಿ ಮೂತಿ ಮಾಡಿದೆ. ಅದು ಹ್ಯಾಂಡಲ್ಲಿನಿಂದ ಹೊರಟು ಮುಂದಿನ ಚಕ್ರದ ಅರ್ಧದವರೆಗೆ ಇಳಿಯಿತು. ರಜಾಯಿಯ ಮೂಲೆಗಳನ್ನು ಕತ್ತರಿಸಿ ಹ್ಯಾಂಡಲ್ಲಿನ ಎರಡು ಹಿಡಿಗಳಿಗೂ ಚೀಲ ಹೊಲಿದೆ, ಕೈ ಅದರೊಳಗೆ ತೂರಿಸಿದರೆ ಬೆರಳು ಮರಗಟ್ಟುವುದಿಲ್ಲ. ಸೀಟಿಗೆ ಉಣ್ಣೆಯ ಗವಸು. ಬೆನ್ನ ಹಿಂದೆ ಗಾಳಿ ಸುತ್ತಿಕೊಳ್ಳಬಾರದೆಂದು ಕ್ಯಾರಿಯರಿಗೆ ಒಂದು ಬಾಲ.

ಮಹಡಿಯ ಮೇಲಿರುವ ನನ್ನ ನಾದಿನಿ ಕಿಟಕಿಯಿಂದ ನೋಡಿ, "ಅತ್ತಿಗೆ, ಅಣ್ಣ ಇದನ್ನ ಓಡಿಸ್ತಾನೋ, ಹಾರಿಸ್ತಾನೋ?" ಎಂದಳು.

"ನೀನು ಕೆಳಗೆ ಬಂದು ದಾರ ಪೋಣಿಸಿಕೊಡು. ನೋಡೋದಕ್ಕೆ ಟಿಕೆಟ್ಟಿಲ್ಲ," ಎಂದೆ.

ಭಾನುವಾರ ಪರೀಕ್ಷೆ. ಮೂತಿ ಗಾಳಿಯನ್ನು ಸೀಳಲಿಲ್ಲ, ಕುಡಿಯಿತು. ಕುಡಿದು ಕುಡಿದು ಉಬ್ಬಿಕೊಂಡಿತು. ಯಜಮಾನರು ಬೀದಿಯ ಕೊನೆ ಮುಟ್ಟುವುದರೊಳಗೆ ಮೂಗಿನ ತುದಿ ಕೆಂಪಾಗಿತ್ತು.

ಸೋಮವಾರ ಬೆಳಿಗ್ಗೆ ಅವರು ಬಚ್ಚಲಲ್ಲಿ ಮೈಮೇಲೆ ನೀರು ಸುರಿದುಕೊಳ್ಳುತ್ತಾ ಕೂಗಿದರು.

"ಮುಂದೆ ತುಂಬಾ ಬಿಗಿಯಾಯ್ತು ಕಣೇ. ಸ್ವಲ್ಪ ಗಾಳಿ ಬಿಡು."

"ಎಷ್ಟು ಬಿಡ್ಲಿ ರೀ?"

"ಎರಡು ಬೆರಳು ಹೋಗೋ ಅಷ್ಟು."

"ಹಿಂದೆ?"

"ಹಿಂದೇನೂ ಅಷ್ಟೇ. ಬೇಗ ಮಾಡು."

ನಾನು ಮಾಡಿದೆ. ಚಕ್ರಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ವಾಲ್ವ್ ಸಡಿಲಿಸಿ, ಬಿಡುತ್ತಾ ಒತ್ತುತ್ತಾ, ಒತ್ತುತ್ತಾ ಬಿಡುತ್ತಾ, ಎರಡು ಬೆರಳು ಟೈರಿನೊಳಗೆ ಹಾಯಾಗಿ ಇಳಿಯುವವರೆಗೆ. ಹಿಂದೆಯೂ ಅಷ್ಟೇ, ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಕತ್ತಲಿನ್ನೂ ಹರಿದಿರಲಿಲ್ಲ. ಇವರು ಓಡಿಬಂದು, ಚೀಲದಲ್ಲಿ ಕೈ ತೂರಿಸಿ ಹೊರಟೇಬಿಟ್ಟರು. ಮುಂದಿನ ಚಕ್ರ ಮೂತಿಯ ಮರೆಯಲ್ಲಿ, ಹಿಂದಿನದು ಬಾಲದ ಮರೆಯಲ್ಲಿ.

ಮಧ್ಯಾಹ್ನ ಬಂದರು. ಕೈ ತೊಳೆದರು, ಕೂತರು, ಬಡಿಸಿದ್ದನ್ನು ತಿಂದರು. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿದ್ದು ಅದೇ ಮೊದಲು.

"ಕೊಟ್ಟುಬಿಟ್ಟೆ," ಎಂದರು ಕೊನೆಗೆ.

"ಏನನ್ನ?"

"ಕೀ."

"ಮೇಡಂ ಕೇಳಿದ್ರಾ?"

"ಇಲ್ಲ, ನಾನೇ ಕೊಟ್ಟೆ. ಇಪ್ಪತ್ತೈದು ನಿಮಿಷ ಲೇಟು. ಮೆಟ್ಟಿಲ ಮೇಲೆ ಜನ ಕೈ ಉಜ್ಕೊಂಡು ನಿಂತಿದ್ರು. ಇವತ್ತು ಸೇತುವೆ ಮೇಲೆ ಗಾಳಿನೇ ಇರ್ಲಿಲ್ಲ ಕಣೇ. ನಿನ್ನ ಹೊಲಿಗೇದೂ ತಪ್ಪಿಲ್ಲ, ಬೆರಳು ಬೆಚ್ಚಗೇ ಇದ್ವು. ಎಷ್ಟು ತುಳಿದ್ರೂ ಸೈಕಲ್ ಮುಂದಕ್ಕೆ ಹೋಗ್ಲಿಲ್ಲ. ಕೆಸರಲ್ಲಿ ತುಳಿದ ಹಾಗೆ." ತಮ್ಮ ಮೊಣಕಾಲಿನ ಮೇಲೆ ಅಂಗೈಯಿಟ್ಟುಕೊಂಡರು. "ಇನ್ನು ಈ ಕಾಲು ಇಷ್ಟೇ ಅನ್ಸತ್ತೆ."

ಸಮಾಧಾನ ಮಾಡಲೆಂದೇ ಹೇಳಿದೆ: "ನಿಮ್ಮ ಕಾಲಿಗೇನಾಗಿದೆ ರೀ? ನಾನೂ ನೀವು ಹೇಳಿದ ಹಾಗೇ ಮಾಡಿದ್ದೆ. ಮುಂದೂ ಹಿಂದೂ ಎರಡೆರಡು ಬೆರಳು ಹೋಗೋ ಅಷ್ಟು ಗಾಳಿ ಬಿಟ್ಟಿದ್ದೆ."

"ಹಿಂದೆ ಎಲ್ಲಿ ಬಿಟ್ಟೆ? ಬಾಲಕ್ಕೆ ಹೊಸ ತೂತೇನೂ ಕಾಣ್ಲಿಲ್ಲ?"

"ಬಾಲಕ್ಕೆ ಯಾಕೆ? ಚಕ್ರದಿಂದ."

ಅವರು ನನ್ನನ್ನೇ ನೋಡಿದರು. ಎದ್ದು ಹೊರಗೆ ಹೋದರು. ಬಗ್ಗಿ, ಬಾಲ ಎತ್ತಿ, ಹೆಬ್ಬೆರಳಲ್ಲಿ ಒತ್ತಿದರು. ಬೆರಳು ರಿಮ್ಮಿಗೆ ತಾಗಿತು.

"ನಾನು ಹೇಳಿದ್ದು ಗಾಳಿಗೆ ಬಿಡು ಅಂತ. ಗಾಳಿ-ಗೆ. ಬಟ್ಟೇಲಿ ಗಾಳಿಗೆ ಸಂದು ಬಿಡು ಅಂತ."

ಒಂದು 'ಗೆ'. ಬಚ್ಚಲ ನೀರಿನ ಜೊತೆ ಮೋರಿಗೆ ಹೋದ ಒಂದೇ ಒಂದು 'ಗೆ'.

ಅವರು ಬೈಯಲಿಲ್ಲ. ಪಂಪು ತಂದು ಗಾಳಿ ಹೊಡೆದರು. ಮೂತಿ ಬಾಲಗಳನ್ನು ಕಿತ್ತೆಸೆದು, ಸ್ವೆಟರಿಲ್ಲದೆ ಬರೀ ಅಂಗಿಯಲ್ಲೇ ಬೀದಿಯುದ್ದಕ್ಕೂ ಮೂರು ಸುತ್ತು ಹೊಡೆದರು, ಮೂರನೆಯದರಲ್ಲಿ ಬೆಲ್ಲು ಬಾರಿಸಿಕೊಂಡು. ಏದುಸಿರು ಬಿಡುತ್ತಾ ಬಂದು, "ಕಾಲು ಸರಿಯಾಗೇ ಇದೆ ಕಣೇ," ಎಂದು ನಕ್ಕರು. ಆಮೇಲೆ ಒಳಜೇಬಿನ ಮೇಲೆ ಕೈ ಹೋಯಿತು. ನಗು ಅಲ್ಲೇ ನಿಂತಿತು.

"ಹೋಗಿ ವಾಪಸ್ ಕೇಳಿ," ಎಂದೆ.

"ಏನಂತ ಕೇಳ್ಲಿ? ನನ್ನ ಹೆಂಡ್ತಿ ಗಾಳಿ ಬಿಟ್ಳು, ಅದಕ್ಕೆ ಲೇಟಾಯ್ತು ಅಂತಲಾ?"

ಮಹಡಿಯ ಕಿಟಕಿಯಲ್ಲಿ ನಾದಿನಿ ಸೆರಗು ಬಾಯಿಗೆ ತುರುಕಿಕೊಂಡದ್ದು ನನಗೆ ಕಂಡಿತು.

ಮರುದಿನ ನಾನೇ ಹೋದೆ. ಮೇಡಂ ಕುರ್ಚಿ ಕೊಟ್ಟು ಕೂರಿಸಿ ಪೂರ್ತಿ ಕೇಳಿದರು. ನಗಬಾರದೆಂದು ಬಹಳ ಪ್ರಯತ್ನಪಟ್ಟರು, ಕೊನೆಗೆ ಕರವಸ್ತ್ರ ತೆಗೆದರು. ಆಮೇಲೆ ಹೇಳಿದರು: "ಅಮ್ಮ, ನಾನಾಗಿ ಕೇಳಿ ತಗೊಂಡಿದ್ರೆ ಈಗಲೇ ವಾಪಸ್ ಕೊಡ್ತಿದ್ದೆ. ಅವರೇ ಎಲ್ಲರ ಎದುರು ಹೊಸ ಗುಮಾಸ್ತೆ ಕೈಗಿಟ್ಟು, ಚೆನ್ನಾಗಿ ನೋಡ್ಕೋ ಅಂದ್ರು. ಅವಳು ಇವತ್ತು ಆರೂ ಮುಕ್ಕಾಲಿಗೇ ಬಂದು ಕಾಯ್ತಿದ್ಲು. ಅವಳಿಂದ ಹೇಗೆ ಇಸ್ಕೊಳ್ಲಿ?"

ಕಿತ್ತುಕೊಂಡಿದ್ದರೆ ಜಗಳವಾಡಿ ತರಬಹುದಿತ್ತು. ಇವರು ತಮ್ಮ ಕಾಲಿನ ಮೇಲೆ ತಪ್ಪು ಹೊತ್ತುಕೊಂಡು, ಮರ್ಯಾದೆಯಿಂದ ಕೊಟ್ಟು ಬಂದಿದ್ದರು. ನಾನು ಇನ್ನೊಂದು ಸಲ, ಒಂದೇ ಸಲ, "ಯಾವ ಗಾಳಿ ರೀ?" ಎಂದು ಕೇಳಿದ್ದರೆ ಸಾಕಿತ್ತು. ಕೇಳುವವಳೆಂಬ ಜಂಬ, ಕೇಳಲಿಲ್ಲ.

ಈಗ ಅವರು ಹತ್ತಕ್ಕೆ ಹೋಗುತ್ತಾರೆ. ಆಗ ಬಿಸಿಲು ಬಂದಿರುತ್ತದೆ. ಆದರೆ ಏಳುವುದು ಮಾತ್ರ ಐದಕ್ಕೇ. ಐದರಿಂದ ಒಂಬತ್ತೂವರೆಯವರೆಗೆ ಅವರ ಆ ಮೀನು ನೀರಿಂದ ಮನೆಯೊಳಗೆ ಬಂದಿರುತ್ತದೆ. ನಾನು ಪೊರಕೆ ಹಿಡಿಯುವ ಓರೆ, ಒಲೆಯ ಮುಂದೆ ಬಗ್ಗುವ ಕೋನ, ಎಲ್ಲಕ್ಕೂ ಪುಸ್ತಕದಲ್ಲಿ ಏನೋ ಇದೆ ಎಂದು ತಿದ್ದುತ್ತಾರೆ. ನಾದಿನಿಗೆ ಕಿಟಕಿ ಬಿಟ್ಟು ಹೋಗಲು ಮನಸ್ಸಿಲ್ಲ. ಸಾಕು ಎಂದು ನಾನು ಯಾವ ಬಾಯಲ್ಲಿ ಅನ್ನಲಿ?

ಇವತ್ತು ಹೊದಿಕೆ ಒಗೆದೆ. ಒಬ್ಬಳಿಗೆ ಹಿಂಡಲಾಗದ ಭಾರ. ಇವರು ಇನ್ನೊಂದು ತುದಿ ಹಿಡಿದು ಹಿತ್ತಲ ಆ ಕಡೆ ನಿಂತರು.

"ಬಲಗಡೆಗೆ ತಿರುಚು."

"ಯಾರ ಬಲಗಡೆ ರೀ?" ಎಂದೆ. "ನಿಮ್ದಾ, ನನ್ದಾ?"

ಅವರು ತಮ್ಮ ಬಲಗಡೆಗೆ ತಿರುಚತೊಡಗಿದರು, ನಾನು ಅವರ ಕೈ ನೋಡುತ್ತಾ ಎದುರಾಗಿ ತಿರುಚಿದೆ, ನೀರು ಇಳಿಯತೊಡಗಿತು.