ಹುಮನಾಬಾದಿನ ಅಳಿಯನ ರೊಟ್ಟಿ

ಒಂದೇ ಮನೆಗೆ ಇಬ್ಬರು ಅಳಿಯಂದಿರಾದರೆ ಒಬ್ಬನ ಹೊಟ್ಟೆ ಉರಿಯದೆ ವರ್ಷ ಕಳೆಯುವುದಿಲ್ಲ. ನಮ್ಮಲ್ಲಿ ಉರಿಯುವ ಹೊಟ್ಟೆ ನನ್ನದು. ನಾನು ಬಸವಕಲ್ಯಾಣದಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟವನು, ಹಿರಿಯ ಅಳಿಯ. ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಹುಮನಾಬಾದಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು, ಕಿರಿಯ ಅಳಿಯ. ನಮ್ಮಿಬ್ಬರ ಅತ್ತೆ ಇರುವುದು ಮಂಠಾಳದಲ್ಲಿ. 'ಅಳಿಯ ಅಂದ್ರ ಹಿಂಗಿರಬೇಕು' ಎಂಬ ಮಾತನ್ನು ಅವರ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಒಂದು ಸಲವಾದರೂ ಅದು ನನ್ನ ಬಗ್ಗೆ ಇರಲಿಲ್ಲ. ಆ ಮಾತನ್ನು ನನ್ನ ಹೆಸರಿಗೆ ಹೇಳಿಸಿಕೊಳ್ಳಬೇಕೆಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಸುದ್ದಿ ಬಂತು

ರೋಗದ ಭಯಕ್ಕೆ ಊರೆಲ್ಲ ಬಂದ್ ಆಗಿದ್ದ ಆ ವರ್ಷ ನನ್ನ ಅಂಗಡಿಯೂ ಬಂದ್. ಮನೆಯಲ್ಲಿ ಅಂಗಾತ ಮಲಗಿ, ಮೇಲೆ ತಿರುಗುವ ಫ್ಯಾನಿನ ಬೇರಿಂಗ್ ಸವೆದಿದೆಯೋ ಇಲ್ಲವೋ ಅಂತ ನೋಡುವುದೇ ನನ್ನ ಕೆಲಸವಾಗಿತ್ತು. ಒಂದು ಮುಂಜಾನೆ ಅತ್ತೆಯ ಫೋನ್ ಬಂತು. ನನ್ನ ಹೆಂಡತಿ ಅದನ್ನು ಬೇಕಂತಲೇ ಸ್ಪೀಕರಿಗೆ ಹಾಕಿದಳು.

'ಕೇಳಿದೇನವ್ವಾ, ಹುಮನಾಬಾದ್ ಅಳ್ಯಾರು ರೊಟ್ಟಿ ಬಡಿಯಾಕತ್ತಾರಂತ. ಚಂದ್ರಾಮನಂಗ ಗುಂಡಗ ಬರ್ತಾವಂತ. ಕಾಲ ಹೇಳಿ ಕೇಳಿ ಬರಂಗಿಲ್ಲ, ಗಂಡಸಿಗೂ ಒಂದು ರೊಟ್ಟಿ ಬಡಿಯಾಕ ಬರಬೇಕು. ಅಳಿಯ ಅಂದ್ರ ಹಿಂಗಿರಬೇಕು ನೋಡು.'

ಹೆಂಡತಿ ಫೋನ್ ಇಟ್ಟು ನನ್ನ ಕಡೆ ನೋಡಿದಳು. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

'ಅದೇನ್ ಮಹಾ. ರೊಟ್ಟಿ ಅಂದ್ರ ಹಿಟ್ಟು, ನೀರು' ಅಂದೆ.

'ಹೌದ್ರಿ. ಹಿಟ್ಟು ಡಬ್ಬ್ಯಾಗ ಅದ, ನೀರು ಕೊಡದಾಗ ಅದ' ಅಂತ ಹೇಳಿ, ನಾನು ಎದ್ದ ಜಾಗದಲ್ಲೇ ಹೋಗಿ ಕಾಲು ಚಾಚಿ ಕೂತಳು.

ಹಿಟ್ಟು ಕಲಸಿದೆ, ಬಡಿದೆ. ಮಣೆಯ ಮೇಲೆ ಇರುವ ತನಕ ಅದು ರೊಟ್ಟಿಯಾಗಿಯೇ ಇತ್ತು. ಎತ್ತಲು ಹೋದಾಗ ಅಂಚೆಲ್ಲ ನನ್ನ ಕೈಯಲ್ಲಿ ಬಂತು, ನಡುವಿನದು ಮಣೆಯಲ್ಲೇ ಉಳಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಂತೆ ನಾನೂ ಹಿಟ್ಟು ಹಳೆಯದು ಅಂದೆ. ತುಂಡು ತುಂಡಾಗಿ ಹಂಚಿಗೆ ಹಾಕಿದ್ದನ್ನು ಹೆಂಡತಿ ಬಳಿದು ತೆಗೆದಳು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಎಣ್ಣೆ ಸೇರಿಸಿ ಕುಟ್ಟಿ ಮುಟಗಿ ಮಾಡಿ, ತಿನ್ನುತ್ತಲೇ ತವರಿಗೆ ಫೋನ್ ಹಚ್ಚಿದಳು.

'ಅವ್ವಾ, ನಮ್ಮವರು ಇನ್ನೂ ಮುಂದ ಹೋಗ್ಯಾರ. ರೊಟ್ಟಿ ಬಿಟ್ಟು ನೇರ ಮುಟಗೀನೇ ಬಡೀತಾರ.'

ಡ್ರಮ್ಮಿನ ಜೋಳ

ಮರುವರ್ಷ ಇನ್ನೊಂದು ಸುದ್ದಿ. ಷಡ್ಡಕ ವರ್ಷಕ್ಕಾಗುವಷ್ಟು ಜೋಳ ತಂದು, ಬೇವಿನ ಸೊಪ್ಪು ಹಾಕಿ, ಡ್ರಮ್ಮಿನಲ್ಲಿ ತುಂಬಿಟ್ಟಿದ್ದಾನಂತೆ. 'ಇನ್ನ ಅಂಗಡಿ ಬಂದ್ ಆದ್ರೂ ನನ್ನ ಸಣ್ಣ ಮಗಳ ಮನ್ಯಾಗ ಒಲಿ ಬಂದ್ ಆಗಂಗಿಲ್ಲ' ಅಂತ ಅತ್ತೆ ಹೇಳಿದರಂತೆ.

ದೊಡ್ಡ ಮಗಳ ಗಂಡ ಸುಮ್ಮನಿರುತ್ತಾನೆಯೇ? ಅವನದಕ್ಕಿಂತ ದೊಡ್ಡ ಡ್ರಮ್ಮು ತಂದೆ. ಅತ್ತೆಗೆ ಸ್ವಚ್ಛತೆ ಮುಖ್ಯ ಅಂತ ಅದನ್ನು ತಿಕ್ಕಿ ತಿಕ್ಕಿ ತೊಳೆದೆ. ಒಣಗುವ ತನಕ ಕಾಯುವ ಸಹನೆ ಇರಲಿಲ್ಲ. ಬಟ್ಟೆಯಿಂದ ಒರೆಸಿ ಜೋಳ ಸುರಿದೆ. ಅವನು ಹಾಕಿದ್ದು ಒಣ ಬೇವು. ನಾನು ಗಿಡದಿಂದ ಆಗತಾನೇ ಮುರಿದ ಹಸಿರು ಟೊಂಗೆಗಳನ್ನೇ ತುರುಕಿದೆ, ಹುಳ ಹೆದರಲಿ ಅಂತ. ಮೇಲೆ ಮುಚ್ಚಳ ಬಿಗಿದು ಅತ್ತೆಗೆ ಫೋಟೋ ಕಳಿಸಿದೆ.

ಕೆಲವು ವಾರಗಳಾದ ಮೇಲೆ ಅತ್ತೆ ನಮ್ಮ ಮನೆಗೆ ಬಂದರು. ನಾನೇ ಮುಂದಾಗಿ ಹೇಳಿದೆ, 'ಅತ್ತಿ, ಡ್ರಮ್ ನೋಡ್ರಿ ಒಮ್ಮಿ.'

ಮುಚ್ಚಳ ತೆಗೆದರು. ಒಳಗಿನಿಂದ ಬಂದ ವಾಸನೆಗೆ ನನ್ನ ಹೆಂಡತಿ ಸೆರಗು ಮೂಗಿಗೆ ಹಿಡಿದಳು. ಅತ್ತೆ ಹೆದರಲಿಲ್ಲ. ಮೊಣಕೈ ತನಕ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದು ನನ್ನ ಮುಂದೆ ಹಿಡಿದರು. ಕಾಳಿಗೆಲ್ಲ ಬಿಳಿ ಮೊಳಕೆ ಬಂದಿತ್ತು.

'ಅಳ್ಯಾರ, ನಾ ಜ್ವಾಳ ಇಡಾಕ ಹೇಳಿದ್ದೆ. ಬಿತ್ತಾಕ ಹೇಳಿರಲಿಲ್ಲ.'

ಟೆಸ್ಟಿಂಗ್

ರೊಟ್ಟಿಯ ಸೋಲು ಮಾತ್ರ ಒಳಗೊಳಗೇ ಕುಟುಕುತ್ತಿತ್ತು. ಮನೆಯಲ್ಲಿ ಕಲಿತರೆ ಹೆಂಡತಿಯ ನಗು, ಅದು ಮಂಠಾಳದವರೆಗೆ ಹೋಗುವ ನಗು. ಅದಕ್ಕೇ ಅಂಗಡಿಯಲ್ಲೇ ಕಲಿಯತೊಡಗಿದೆ. ಮಧ್ಯಾಹ್ನ ಗಿರಾಕಿ ಕಡಿಮೆ. ಶಟರ್ ಅರ್ಧ ಎಳೆದು, ರಿಪೇರಿಗೆ ಬಂದಿದ್ದ ಒಂದು ಕರೆಂಟ್ ಒಲೆಯ ಮೇಲೆ ಹಂಚು ಇಟ್ಟು, ಸ್ಕ್ರೂಡ್ರೈವರ್ ಸರಿಸಿ ಅಲ್ಲೇ ಬಡಿಯುತ್ತಿದ್ದೆ.

ಒಂದು ದಿನ ಹೀಗೇ ಬಡಿಯುತ್ತಿದ್ದಾಗ ಹಿಂದಿನ ಗಲ್ಲಿಯ ಚಾಚಿ ಮಿಕ್ಸಿ ಹಿಡಿದುಕೊಂಡು ಶಟರ್ ಕೆಳಗೆ ಬಗ್ಗಿ ಒಳಗೆ ಬಂದರು. ನನ್ನ ಎರಡೂ ಕೈಗೆ ಹಿಟ್ಟು, ಮೀಸೆಗೂ ಹಿಟ್ಟು.

'ಒಲಿ ಟೆಸ್ಟಿಂಗ್ ಮಾಡಾಕತ್ತೀನ್ರಿ ಚಾಚಿ' ಅಂದೆ.

'ಮಾಡು ಬೇಟಾ, ಮಾಡು' ಅಂತ ಅವರು ಸ್ಟೂಲ್ ಎಳೆದು ಕೂತರು. ಹಂಚಿನ ಮೇಲಿದ್ದದ್ದನ್ನು ಆ ಕಡೆಯಿಂದ, ಈ ಕಡೆಯಿಂದ ನೋಡಿದರು. ಒಂದು ಮೂಲೆ ದಪ್ಪ, ಒಂದು ಮೂಲೆ ತೂತು. ತಂದ ಮಿಕ್ಸಿಯನ್ನು ತಿರುಗಿ ಚೀಲಕ್ಕೆ ಹಾಕಿಕೊಂಡರು.

'ಯಾಕ್ರಿ ಚಾಚಿ, ರಿಪೇರಿ ಬ್ಯಾಡೇನು?'

'ನಂದು ನಾಳಿ ಆಗ್ಲಿ. ಮದಲ ನಿಂದು ರಿಪೇರಿ ಆಗಬೇಕಾಗ್ಯಾದ. ನೀರು ಕುದಿಸ್ಕೊಂಡು ಹಿಟ್ಟಿಗೆ ಹಾಕು, ನಾ ತೋರಸ್ತೀನಿ.'

ಅವತ್ತಿನಿಂದ ಚಾಚಿಯ ಪಾಠ ಶುರುವಾಯಿತು. ಬಿಸಿನೀರು ಹಾಕಿ, ಅಂಗೈ ಬುಡದಿಂದ ನಾದಿ, ಮಣೆ ತುಂಬ ಒಣ ಹಿಟ್ಟು ಹರವಿ ಬಡಿಯುವುದು. ನಿಧಾನಕ್ಕೆ ರೊಟ್ಟಿ ಗುಂಡಗಾಯಿತು, ಹಂಚಿನ ಮೇಲೆ ಉಬ್ಬತೊಡಗಿತು. ಗಲ್ಲಿಯಲ್ಲಿ ಸುದ್ದಿ ಹರಡಿ ಗಿರಾಕಿಗಳು ಮಧ್ಯಾಹ್ನವೇ ಬರತೊಡಗಿದರು. ನಾನು ಕಲಿತೆ ಅಂತ ಖುಷಿಯಲ್ಲಿದ್ದೆ, ಆ ಕರೆಂಟ್ ಒಲೆಯ ಯಜಮಾನ ಬರುವ ತನಕ. ಅವನು ಒಲೆಯ ಬಟನ್ ಸಂದಿಯಿಂದ ಉಗುರಲ್ಲಿ ಜೋಳದ ಹಿಟ್ಟು ಕೆರೆದು ತೆಗೆದ.

'ಟೆಸ್ಟಿಂಗ್ ಆತೇನ್ರಿ?' ಅಂದ. ಆಯಿತು ಅಂದೆ. 'ಹಂಗಾದ್ರ ಟೆಸ್ಟ್ ಆದದ್ದು ನಾಕು ಕಟ್ಟಿ ಕೊಡ್ರಿ. ಮನ್ಯಾಗ ಪಲ್ಯಾ ಮಾಡಿಟ್ಟಾರ.'

ಉಪ್ಪು

ಒಂದು ಭಾನುವಾರ ಷಡ್ಡಕ ಹುಮನಾಬಾದಿಗೆ ಊಟಕ್ಕೆ ಕರೆದ. ಹೋಗುವ ಮನಸ್ಸಿರಲಿಲ್ಲ, ಆದರೆ ಹೋಗದಿದ್ದರೆ ಹೊಟ್ಟೆಕಿಚ್ಚು ಅಂತಾರೆ. ಇತ್ತು ನಿಜ, ಆದರೆ ಅನ್ನಿಸಿಕೊಳ್ಳಬಾರದಲ್ಲ.

ಹಿತ್ತಲ ತುಂಬ ಬದನೆ ಗಿಡ. ಊಟಕ್ಕೆ ಕೂತರೆ ರೊಟ್ಟಿ ಅವನೇ ಬಡಿದದ್ದು, ಎಣಗಾಯಿಯ ಬದನೆ ಅವನ ಹಿತ್ತಲದ್ದು, ಮೊಸರು ಮನೆಯ ಎಮ್ಮೆಯದು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಅವನೇ ಒರಳಲ್ಲಿ ಕುಟ್ಟಿದ್ದು. ಒರಳು ಅಂದಾಗ ಮಿಕ್ಸಿ ರಿಪೇರಿ ಮಾಡುವ ನನ್ನ ಕಡೆ ಒಂದು ನೋಟ ಬೇರೆ. ಪ್ರತಿ ತುತ್ತಿಗೂ ನನ್ನ ಹೆಂಡತಿ 'ಇದೂ ಮನೀದೇನು?' ಅಂತ ಕೇಳುವುದು, ಅವನು 'ಮನೀದೇ ಅಕ್ಕಾರ' ಅಂತ ತಲೆ ತಗ್ಗಿಸುವುದು. ಎಣಗಾಯಿ ರುಚಿಯಾಗಿತ್ತು. ಅದೇ ದೊಡ್ಡ ಸಂಕಟ.

ನಾನು ತಾಟನ್ನೆಲ್ಲ ಹುಡುಕಿದೆ. ಕೊನೆಗೆ ಅಂಚಿನಲ್ಲಿ ಸಿಕ್ಕಿತು.

'ಈ ಉಪ್ಪು?' ಅಂತ ಕೇಳಿದೆ.

'ಉಪ್ಪು ಅಂಗಡೀದ್ರಿ ಅಣ್ಣಾರ' ಅಂದ.

ಆಮೇಲೆ ನನಗೆ ಊಟ ಸೇರಿತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಕಲ್ಯಾಣಕ್ಕೆ ವಾಪಸ್ ಬರುವಾಗ ಬೈಕಿನ ಮೇಲೆ ಹೆಂಡತಿಗೆ ಕೇಳಿಸುವಂತೆ ಹೇಳುತ್ತಲೇ ಬಂದೆ, 'ಎಲ್ಲಾ ಮನೀದು ಅಂತ ಜಂಬ. ಉಪ್ಪು ಮಾತ್ರ ಅಂಗಡೀದು. ನೋಡ್ದಿ ಇಲ್ಲೋ?'

ಮನೆ ಬಂತು. ಅವಳು ಇಳಿದು ಸೀರೆ ಸರಿಮಾಡಿಕೊಳ್ಳುತ್ತಾ ಹೇಳಿದಳು, 'ಹುಮನಾಬಾದಿಗಿ ಸಮುದ್ರ ಇಲ್ಲರಿ. ಇದ್ದಿದ್ರ ಅದನ್ನೂ ಮಾಡ್ತಿದ್ರು.'

ಎಳ್ಳಮಾಸಿ

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಿಕ್ಕ ತರಕಾರಿ, ಸಿಕ್ಕ ಕಾಳು ಎಲ್ಲ ಒಂದೇ ಪಾತ್ರೆಗೆ ಹಾಕಿ ಕಡಲೆ ಹಿಟ್ಟು ಕಲಸಿ ಕುದಿಸುವ ಭಜ್ಜಿ, ಸಜ್ಜೆ ರೊಟ್ಟಿ, ಕುಡಿಯಲು ಅಂಬಲಿ. ಹೆಂಗಸರು ಹಿಂದಿನ ದಿನವೆಲ್ಲ ಬೆವರು ಸುರಿಸಿ ಮಾಡಿ ಬುಟ್ಟಿಯಲ್ಲಿ ಹೊತ್ತು ತರುವುದು ರೂಢಿ. ಕಳೆದ ಸಲ ನಮ್ಮನ್ನೆಲ್ಲ ಮಂಠಾಳದ ತಮ್ಮ ಹೊಲಕ್ಕೆ ಕರೆಸಿದ ಅತ್ತೆ ರೂಢಿ ಮುರಿದರು.

'ಈ ವರ್ಷ ಅಡಗಿ ಹೊಲದಾಗೇ ಆಗ್ಲಿ. ಮಗಳಂದ್ರು ಕುಂಡ್ರಲಿ, ಅಳ್ಯಾಂದ್ರು ಮಾಡಲಿ.'

ಕಾದಿದ್ದ ದಿನ ಬಂದಿತ್ತು. ಚಾಚಿ ಕಲಿಸಿದ ವಿದ್ಯೆ ಕೈಯಲ್ಲಿತ್ತು. ರೊಟ್ಟಿ ನನಗೆ, ಭಜ್ಜಿ ಅವನಿಗೆ ಅಂತ ಆಯಿತು. ಅಕ್ಕತಂಗಿಯರು ಮಾವನ ಪಕ್ಕ ಬನ್ನಿ ಗಿಡದ ಕೆಳಗೆ ಕೂತು ಹಸಿ ಕಡಲೆ ಸುಲಿದು ತಿನ್ನುತ್ತಾ ನಮ್ಮನ್ನು ನೋಡುತ್ತಿದ್ದರು. ನಾವು ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಎದುರುಬದುರು ಕಲ್ಲಿನ ಒಲೆಗಳ ಮುಂದೆ ಕೂತಿದ್ದೆವು. ನನ್ನ ರೊಟ್ಟಿ ಉಬ್ಬಿದಾಗೆಲ್ಲ ಅವನ ಮುಖ ಸಣ್ಣದಾಗುವುದನ್ನು ಕಂಡು ನನಗೆ ಪರಮ ಸಂತೋಷ.

ಕೊನೆಗೆ ಅವನೇ ಬಾಯಿ ಬಿಟ್ಟ. 'ಅಣ್ಣಾರ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮನ್ನ ಕಂಡ್ರ ನನಗ ಮದಲಿಂದ ಹೊಟ್ಟಿ ಉರೀತದ.'

ನನ್ನ ಕೈ ನಿಂತಿತು. ಅದು ನನ್ನ ಮಾತು. ಅವನ ಬಾಯಲ್ಲಿ ಹೇಗೆ ಬಂತು?

'ಯಾಕ್ರಿ?' ಅಂದೆ.

'ಎಲ್ಲಾ ಬಂದ್ ಆದ ವರ್ಷ ಅತ್ತಿ ಫೋನ್ ಮಾಡಿದ್ರು. ಕಲ್ಯಾಣದ ಅಳ್ಯಾರು ರೊಟ್ಟಿ ಬಡಿಯಾಕತ್ತಾರ, ಚಂದ್ರಾಮನಂಗ ಬರ್ತಾವ ಅಂದ್ರು. ಅವತ್ತೇ ನಾ ಹಿಟ್ಟಿಗಿ ಕೈ ಹಾಕಿದ್ದು. ಅದಕ್ಕ ಮದಲ ನನಗ ಚಾ ಮಾಡಾಕೂ ಬರ್ತಿರಲಿಲ್ಲ.'

'ನಾ ಬಡಿದಿದ್ದೇ ನೀವು ಬಡೀತೀರಿ ಅಂತ ಕೇಳಿ.'

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು.

'ಮತ್ತ ನೀವು ಡ್ರಮ್ಮಿನಾಗ ಜ್ವಾಳ ಬೆಳೀತೀರಿ ಅಂತ ಅತ್ತಿ ಅಂದ್ರಲ್ಲರಿ? ಮಣ್ಣು ಸುದ್ದಾ ಬೇಕಾಗಿಲ್ಲ ಅಂತ ಹೇಳಿದ್ರು. ಆ ಸಿಟ್ಟಿಗೇ ನಾ ಹಿತ್ತಲ ತುಂಬ ಬದನಿ ಹಚ್ಚಿದ್ದು.'

ಇಬ್ಬರೂ ಹಿಟ್ಟಿನ ಕೈಯಲ್ಲೇ ಎದ್ದು ಅತ್ತೆಯ ಮುಂದೆ ಹೋಗಿ ನಿಂತೆವು. ಕೇಳಿದೆವು. ಅವರು ಅಂಬಲಿ ಕಲಕುವುದನ್ನು ನಿಲ್ಲಿಸಲಿಲ್ಲ.

'ಹೌದು, ಹೇಳೀನಿ. ಅಳ್ಯಾನ್ನ ಹೊಗಳಿದ್ರ ಅಂವ ಇನ್ನೊಂದು ತಲಿದಿಂಬು ಕೇಳ್ತಾನ. ಇನ್ನೊಬ್ಬ ಅಳ್ಯಾನ್ನ ಹೊಗಳಿದ್ರ ಎದ್ದು ಒಲಿ ಹಚ್ತಾನ.'

ಆಮೇಲೆ ದನಿ ತಗ್ಗಿಸಿ ಹೇಳಿದರು. 'ಆ ವರ್ಷ ನಾ ಜ್ವರ ಬಂದು ಮಲಗಿದ್ದೆ. ಯಾರೂ ಬರೋ ಹಂಗಿರಲಿಲ್ಲ. ನಿಮ್ಮ ಮಾವ ಚುರುಮುರಿ ನೀರಾಗ ನೆನಸಿ ನನಗ ಕೊಟ್ರು, ತಾವೂ ಅದನ್ನೇ ತಿಂದ್ರು. ಒಲಿ ಹಚ್ಚಾಕೂ ಬರ್ತಿರಲಿಲ್ಲ ಅವರಿಗಿ. ನನ್ನ ಮಕ್ಕಳಿಗಿ ಆ ಪಾಳಿ ಬರಬಾರದು ಅಂತ ಅವತ್ತೇ ಅನ್ಕೊಂಡೆ.'

ಮಾವ ಕಡಲೆ ಹೊಲದ ಕಡೆ ಮುಖ ತಿರುಗಿಸಿದರು. ನಾವು ವಾಪಸ್ ಹೋಗಿ ಒಲೆಗಳ ಮುಂದೆ ಕೂತೆವು.

ಊಟಕ್ಕೆ ಕೂತಾಗ ಮಾತ್ರ ನನಗೆ ತಡೆಯಲಾಗಲಿಲ್ಲ. 'ಆತು ಬಿಡ್ರಿ ಅತ್ತಿ. ಈಗರೆ ಖರೇ ಹೇಳ್ರಿ, ಇಬ್ಬರಾಗ ಯಾರು ಛಲೋ?'

ಅತ್ತೆ ನನ್ನ ರೊಟ್ಟಿ ಮುರಿದು ಅವನ ಭಜ್ಜಿಯಲ್ಲಿ ಅದ್ದಿ ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ನಾವಿಬ್ಬರೂ ರಿಸಲ್ಟಿಗೆ ಕಾದ ಹುಡುಗರಂತೆ ಅವರ ಬಾಯನ್ನೇ ನೋಡುತ್ತಿದ್ದೆವು. ನುಂಗಿ, ನೀರು ಕುಡಿದು, ಬದುವಿನ ಆಚೆ ಕೈ ತೋರಿಸಿದರು.

'ಆ ಬಾಜೂ ಹೊಲದವರ ಅಳಿಯ ಹೋಳಿಗಿ ಮಾಡ್ತಾನಂತ. ಹೂರಣ ಅವನೇ ರುಬ್ತಾನಂತ. ಅಳಿಯ ಅಂದ್ರ ಹಿಂಗಿರಬೇಕು.'

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಇಷ್ಟು ವರ್ಷ ನಾವು ಎಂಥ ಹುಚ್ಚರಾಗಿದ್ದೆವು ಅನ್ನಿಸಿತು. ಸಂಜೆ ಕಲ್ಯಾಣದಲ್ಲಿ ಬೈಕ್ ನಿಲ್ಲಿಸಿ ಒಟ್ಟಿಗೆ ಚಾ ಕುಡಿದೆವು. ಇನ್ನು ಮುಂದೆ ಅತ್ತೆಯ ಮಾತಿಗೆ ಬೀಳುವುದಿಲ್ಲ ಅಂತ ಕೈ ಮೇಲೆ ಕೈ ಹಾಕಿ ಆಣೆ ಮಾಡಿದೆವು. ಅವನು ತಮ್ಮನಂತೆ ನನ್ನನ್ನು ತಬ್ಬಿಕೊಂಡು ಹುಮನಾಬಾದಿನ ದಾರಿ ಹಿಡಿದ. ನನಗೂ ಕಣ್ಣು ತುಂಬಿ ಬಂತು.

ಮರುದಿನ ಅವನ ಫೋನ್.

'ಅಣ್ಣಾರ, ಸುಮ್ಮ ಕೇಳ್ತೀನಿ. ಹೂರಣಕ್ಕ ಬೆಲ್ಲಾ ಬ್ಯಾಳಿ ಬೆಂದ ಮ್ಯಾಲ ಹಾಕೋದೋ, ಮದಲೋ?'

'ನನಗೇನ್ ಗೊತ್ರಿ, ನಾ ಒಲಿ ಮುಂದ ಹೋಗೋದೇ ಬಿಟ್ಟೀನಿ' ಅಂತ ಹೇಳಿ ಫೋನ್ ಇಟ್ಟೆ. ಇನ್ನೂ ಮಾತಾಡಬಹುದಿತ್ತು. ಆದರೆ ನನ್ನ ಹೂರಣ ತಳ ಹಿಡಿಯುತ್ತಿತ್ತು.