ನೀಲಗಂಗೆಯ ಕದಳೀಫಲ ವಿಜಯ

ಅಂಗೈಯಗಲದ ಗಾಜಿನ ಫಲಕದಲ್ಲಿ ಹದಿನಾಲ್ಕು ಲೋಕಗಳೂ ಹೆಬ್ಬೆರಳಿನ ಒಂದು ನೂಕಿಗೆ ಉದಿಸಿ ಮರುನೂಕಿಗೆ ಅಸ್ತಮಿಸುವ ಈ ಚಂಚಲಯುಗದಲ್ಲಿ, ಗುರುವಾಕ್ಯವನ್ನು ತೊರೆದು ಕುಣಿಯುವ ಎಮ್ಮೆಗೆ ಲಕ್ಷೋಪಲಕ್ಷ ಕಣ್ಣುಗಳು ಒಲಿದ ಈ ವಿಪರೀತಕಾಲದಲ್ಲಿ, ರಾಣೆಬೆನ್ನೂರಿನ ಪ್ರೌಢಶಾಲೆಯೊಂದರ ವಿಜ್ಞಾನಪೀಠವನ್ನು ಹದಿನೇಳು ವರ್ಷ ಅಲಂಕರಿಸಿದವಳೂ, ಶ್ವೇತಧೂಳಿಧೂಸರಿತಹಸ್ತೆಯೂ, ಭಗ್ನಪ್ರನಾಳಶತದರ್ಶಿನಿಯೂ ಆದ ನೀಲಗಂಗಾ ಹಾವನೂರ ಎಂಬ ವೀರವನಿತೆಯ ಸಾಹಸವನ್ನು, ಎಲೈ ವಾಗ್ದೇವಿ, ನೀನೇ ನಿಂತು ನುಡಿಸು.

ಆ ಮಹಾಸಮರದ ಬೀಜ ಬಿದ್ದದ್ದು ಶಿಕ್ಷಕರ ಕೊಠಡಿಯಲ್ಲಿ, ಚಹಾದ ವೇಳೆಗೆ. ನೀಲಗಂಗೆ ಯೂಟ್ಯೂಬಿನಲ್ಲಿ ಪ್ರತಿಷ್ಠಾಪಿಸಿದ್ದ 'ಬಲ ಮತ್ತು ಚಲನೆ' ಎಂಬ ವಿಡಿಯೋ ಒಂಬತ್ತು ಸಲ ಓಡಿತ್ತು. ಅದನ್ನು ಸಭಾಮಧ್ಯದಲ್ಲಿ ಎತ್ತಿ ಆಡಿದವನು ಶಿಳ್ಳೆಯನ್ನೇ ಶಂಖವಾಗಿ ಧರಿಸಿದ ವ್ಯಾಯಾಮಗುರು ಫಕ್ಕೀರಗೌಡ.

"ವಿಜ್ಞಾನಾ ಯಾರ್ ನೋಡ್ತಾರ್ರೀ ಟೀಚರ? ಆ ಒಂಬತ್ತ ಮಂದ್ಯಾಗ ನಾನೂ ಒಬ್ಬ. ನನಗ ನಿದ್ದಿ ಬಂತು."

ಒಂಬತ್ತರಲ್ಲಿ ಮೂರು ಸಲ ನೋಡಿದವಳು ತಾನೇ ಎಂಬುದು ನೀಲಗಂಗೆಗೆ ಗೊತ್ತಿತ್ತು. ಆ ನೋವು ಎದೆಯನ್ನು ಸುಡಲು, ಪದಾಹತ ಸರ್ಪಿಣಿಯಂತೆ ಎದ್ದು ಅವಳು ಗರ್ಜಿಸಿದಳು:

"ಕೇಳ್ರಿ ಸರ! ಈ ಭೂಮಿ ಹೊತ್ಕೊಂಡಿರೋ ಗಾಳಿ ಸಾಕ್ಷಿ! ರವಿವಾರ ಮುಳುಗೋದ್ರೊಳಗ ನನ್ನ ಹೊಸಾ ವಿಡಿಯೋ ನೂರು ಸಲ ಓಡಲಿಲ್ಲಂದ್ರ, ಚಾನೆಲ್ ಅಳಿಸಿ, ಆ ಕುಣಿಯೋ ಎಮ್ಮಿಗೆ ಸಬ್‌ಸ್ಕ್ರೈಬ್ ಆಗ್ತೀನಿ!"

ಯಾರದೋ ಬಿಸ್ಕತ್ತು ಚಹಾದಲ್ಲಿ ಮುಳುಗಿತು.

ಶನಿವಾರ ಮಧ್ಯಾಹ್ನ ಅಡುಗೆಮನೆಯೇ ರಣಾಂಗಣವಾಯಿತು. ಅಕ್ಕಿ ಡಬ್ಬಿಯ ಮೇಲೆ ಫೋನು ರಬ್ಬರ್ ಬ್ಯಾಂಡಿನ ಕವಚ ತೊಟ್ಟು ನಿಂತಿತು. ಕಿರುಬಾಯಿಯ ಗಾಜಿನ ಬಾಟಲಿ, ಕಡ್ಡಿಪೆಟ್ಟಿಗೆ, ಕಾಗದದ ಚೂರು ಆಯುಧಗಳಾಗಿ ಸಾಲುಗೊಂಡವು. ಲೋಕವೆಲ್ಲ ಗಾಳಿಯ ಒತ್ತಡದ ಈ ಪ್ರಯೋಗವನ್ನು ಬೇಯಿಸಿದ ಮೊಟ್ಟೆಯಿಂದ ಮಾಡುತ್ತದೆ. ಆದರೆ ಆ ಮನೆಯ ಹೊಸ್ತಿಲನ್ನು ಮೂರು ತಲೆಮಾರಿನಿಂದ ಮೊಟ್ಟೆಯೆಂಬುದು ದಾಟಿರಲಿಲ್ಲ. ಆದ್ದರಿಂದ ವೀರೆ, ಅತ್ತೆ ಚನ್ನವೀರವ್ವ ಸೋಮವಾರದ ಪೂಜೆಗೆಂದು ತೆಗೆದಿಟ್ಟ ಬಾಳೆಹಣ್ಣಿನ ಚಿಪ್ಪಿನಿಂದ ಒಂದು ಹಣ್ಣನ್ನು ಅಪಹರಿಸಿ, ಸಿಪ್ಪೆ ಸುಲಿದು ಸಜ್ಜಾದಳು.

ಹತ್ತೊಂಬತ್ತು ವಾಕ್ಯಗಳ ಭಾಷಣ ಸಿದ್ಧವಿತ್ತು. "ಏಕಮಾನ ವಿಸ್ತೀರ್ಣದ ಮೇಲೆ ಲಂಬವಾಗಿ ವರ್ತಿಸುವ" ಎಂಬ ಹದಿನಾಲ್ಕನೆಯದನ್ನು ಉಚ್ಚರಿಸುತ್ತ, ಉರಿಯುವ ಕಾಗದವನ್ನು ಬಾಟಲಿಗೆ ಹಾಕಿ, ಬಾಯಿಗೆ ಹಣ್ಣನ್ನು ನಿಲ್ಲಿಸಿದಳೋ ಇಲ್ಲವೋ, ದ್ವಾರದಲ್ಲಿ ಚನ್ನವೀರವ್ವ ಪ್ರತ್ಯಕ್ಷಳಾದಳು.

"ಏ ನೀಲಾ! ಪೂಜಿ ಹಣ್ಣಿಗೆ ಬೆಂಕಿ ಹಚ್ಚೀಯೇನ?"

"ಹಣ್ಣಿಗಲ್ರೀ ಅತ್ತಿ, ಕಾಗದಕ್ಕ. ಒಂದ್ ನಿಮಿಷ ನಿಂದರ್ರಿ…"

ಜ್ವಾಲೆ ಆರಿತು. ಆಗ, ಗುಹಾದ್ವಾರದಲ್ಲಿ ಸಿಕ್ಕಿದ ಮದಗಜವು ಹಿಂದಿನಿಂದ ಸಹಸ್ರ ಮಲ್ಲರು ನೂಕಲು ಮೈ ಹಿಂಡಿಕೊಂಡು ಒಳನುಗ್ಗುವಂತೆ, ಆ ಕದಳೀಫಲವು ನಡುಗಿ, ನೀಳವಾಗಿ, ಗುಳುಕ್ ಎಂದು ಬಾಟಲಿಯ ಉದರವನ್ನು ಸೇರಿತು.

ಚನ್ನವೀರವ್ವ ಕೋಪವನ್ನು ಮರೆತಳು. "ಯವ್ವಾ! ಒಳಗಿಂದ ಯಾರ ಎಳದ್ರು?"

ನೀಲಗಂಗೆ ಹದಿನೈದನೆಯ ವಾಕ್ಯವನ್ನು ಮರೆತಳು. "ಯಾರೂ ಎಳೀಲಿಲ್ರೀ ಅತ್ತಿ. ಬೆಂಕಿಗೆ ಒಳಗಿನ ಗಾಳಿ ಕಾದು, ಒಂದಿಷ್ಟು ಹೊರಗ ಹೋತು. ಬೆಂಕಿ ಆರಿದ ಮ್ಯಾಲ ಉಳದಿದ್ದು ತಣ್ಣಗಾಗಿ ಅದರ ಜೋರ ಇಳೀತು. ಹೊರಗಿನ ಗಾಳಿ ಸುಮ್ನಿರತೈತೇನು? ನೂಕಿತು."

"ಹಂಗಾರ ಈಗ ನನ್ನೂ ನೂಕಾಕ ಹತ್ತೈತೇನು?"

"ಹತ್ತೈತ್ರಿ. ಎಲ್ಲಾ ಕಡಿಯಿಂದ."

"ಅದಕ್ಕ ನೋಡು, ಮಣಕಾಲ ನೋಯ್ತಾವು."

"ಅದಕ್ಕಲ್ರೀ ಅತ್ತಿ."

ಫೋನು ಎಲ್ಲವನ್ನೂ ಕಂಡಿತ್ತು. ಹೊಗೆಗೆ ಕಣ್ಣೊರೆಸುತ್ತ ನೀಲಗಂಗೆ ಅದನ್ನು ಎರಡು ಸಲ ನೋಡಿದಳು. ಹದಿನೇಳು ವರ್ಷದಲ್ಲಿ ಯಾರೂ ಪರೀಕ್ಷೆಯ ಭಯವಿಲ್ಲದೆ ಅವಳನ್ನು 'ಯಾರ ಎಳದ್ರು' ಎಂದು ಕೇಳಿರಲಿಲ್ಲ. ತನ್ನ ಹದಿನಾಲ್ಕೂ ವಾಕ್ಯಗಳ ಶಿರಚ್ಛೇದ ಮಾಡಿ, ಉಳಿದದ್ದನ್ನು ಇಟ್ಟುಕೊಂಡಳು.

"ಅತ್ತಿ, ಇದನ್ನ ಹಾಕಲೇನ್ರಿ?"

"ಸೆರಗ ನೆಟ್ಟಗೈತೇನು?"

"ಐತ್ರಿ."

"ಹಾಕು."

ರವಿವಾರ ಮಧ್ಯಾಹ್ನದವರೆಗೆ ನೋಡಿದವರು ಏಳು. ವೀರೆ ಊಟವನ್ನು ಅರ್ಧಕ್ಕೆ ಬಿಟ್ಟಳು. ಎಮ್ಮೆಯ ಚಾನೆಲನ್ನು ಹುಡುಕಿಯೂ ಇಟ್ಟಳು. ಸೂರ್ಯ ಬಾಗುವ ಹೊತ್ತಿಗೆ ಸಂಖ್ಯೆ ನೂರಾನಾಲ್ಕಾಗಿತ್ತು. ಬೆರಗಾಗಿ ಹೊರಬಂದು ನೋಡಿದರೆ, ಓಣಿಯ ಕಟ್ಟೆಯ ಮೇಲೆ ಚನ್ನವೀರವ್ವ ತನ್ನ ಫೋನನ್ನು ಹಿಡಿದು, ನೆರೆಹೊರೆಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿ, ಮೊದಲಿನಿಂದ ತೋರಿಸುತ್ತಿದ್ದಳು.

"ಎಳಿಯಂಗಿಲ್ಲಬೇ, ನೂಕತೈತಿ. ಎಲ್ಲಾರೂ ಎಳೀತೈತಿ ಅಂತಾರ, ತಪ್ಪು. ಇನ್ನೊಮ್ಮಿ ನೋಡು."

ನೀಲಗಂಗೆ ಬಾಗಿಲಲ್ಲೇ ನಿಂತಳು.

ಸೋಮವಾರ ಫಕ್ಕೀರಗೌಡ ತಾನಾಗಿಯೇ ಬಂದು, ತುಂಬಿದ ಸಭೆಯಲ್ಲಿ ಶಿಳ್ಳೆಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟನು.

"ಪೂರಾ ನೋಡಿದೆ ಟೀಚರ. ನಿದ್ದಿ ಬರಲಿಲ್ಲ. ಖರೇ ಹೇಳ್ರಿ, ಆ ಹಣ್ಣು ಹೊರಗ ಹೆಂಗ ತಗದ್ರಿ?"

ಹಣ್ಣು ಇನ್ನೂ ಬಾಟಲಿಯಲ್ಲೇ ಇತ್ತು. ಸಂಜೆ ದಿಗ್ವಿಜಯಿನಿಯು ಮನೆಗೆ ಬಂದು ಬಾಟಲಿಯನ್ನು ಬೋರಲು ಹಿಡಿದು, ಅದೇ ವಾಯುತತ್ತ್ವವನ್ನು ಸ್ಮರಿಸಿ, ಕೆನ್ನೆಯುಬ್ಬಿಸಿ ಒಳಗೆ ಊದಿದಳು. ಮೂರು ದಿನದ ಹಣ್ಣು, ಕಪ್ಪಾಗಿತ್ತು. ತುದಿ ಮಾತ್ರ ಮುರಿದು ಕುಪ್ಪಸದ ಮೇಲೆ ಬಿತ್ತು. ಉಳಿದದ್ದನ್ನು ಚಮಚದ ಹಿಡಿಯಿಂದ ಕೆರೆದು ತೆಗೆದಳು.